ಬೆಸ್ಟ್ ಬೇಡ, ಇಷ್ಟದ್ದು ಕಳಿಸಿ

ನಿಮ್ಮ ಫೋನಿನಲ್ಲಿ ಈಗ ಎಷ್ಟು ಫೋಟೋಗಳಿವೆ ಅಂತ ಒಮ್ಮೆ ನೋಡಿ. ನನ್ನದರಲ್ಲಿ 18,000 ದಾಟಿದೆ. ಬಿಲ್ಲುಗಳು, ಮೀಟಿಂಗಿನ ವೈಟ್‌ಬೋರ್ಡು, ಮಾಲ್‌ನ ಪಾರ್ಕಿಂಗ್ ಕಂಬದ ನಂಬರು, ಯಾರೋ ಕಳಿಸಿದ ಶುಭೋದಯ ಎಲ್ಲ ಕಳೆದರೂ ಸಾವಿರಾರು ಉಳಿಯುತ್ತವೆ. ಅವುಗಳಲ್ಲಿ ತೆಗೆದ ದಿನ ಬಿಟ್ಟು ಮತ್ತೊಮ್ಮೆ ತೆರೆದು ನೋಡಿದ್ದು ಎಷ್ಟು? ಫೋಟೋ ತೆಗೆಯುವುದು ಈಗ ಕಷ್ಟದ ಕೆಲಸವಲ್ಲ. ತೆಗೆದ ಫೋಟೋವನ್ನು ಇನ್ನೊಬ್ಬರು ಎರಡು ನಿಮಿಷ ನಿಂತು ನೋಡುವುದು ಮಾತ್ರ ಅಪರೂಪವಾಗಿದೆ. ಈ ಸಲದ ಅಂಕಣ ಆ ಎರಡು ನಿಮಿಷದ ಬಗ್ಗೆ.

ನಾನಿರುವುದು ನಾಸಿಕ್ ಜಿಲ್ಲೆಯ ಸಿನ್ನರ್‌ನಲ್ಲಿ. ಸಂಗಾತಿಯ ಕೆಲಸ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ; ನನ್ನದು ಲ್ಯಾಪ್‌ಟಾಪ್ ತೆರೆದಲ್ಲೇ ಕಚೇರಿ. ಸಿನ್ನರ್, ನಾಸಿಕ್, ಛತ್ರಪತಿ ಸಂಭಾಜಿನಗರ, ಪುಣೆ ಹೀಗೆ ಹಂಚಿಹೋದ ನಾವು 11 ಜನ ಕನ್ನಡಿಗರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಅದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ತಿಂಗಳ ಕೊನೆಯ ಭಾನುವಾರ ರಾತ್ರಿ ಊಟ ಮುಗಿಸಿ ವಿಡಿಯೋ ಕಾಲ್‌ನಲ್ಲಿ ಸೇರುತ್ತೇವೆ. ಒಬ್ಬೊಬ್ಬರದು ಒಂದೇ ಫೋಟೋ. ಕಳೆದ ಮೂವತ್ತು ದಿನಗಳಲ್ಲಿ ತೆಗೆದದ್ದಾಗಿರಬೇಕು. ತೆಗೆದವರು ಮೊದಲ ಎರಡು ನಿಮಿಷ ಬಾಯಿ ಬಿಡುವ ಹಾಗಿಲ್ಲ. ಉಳಿದವರು ಕಂಡದ್ದನ್ನು ಹೇಳಬೇಕು. "ಸೂಪರ್", "ಮಸ್ತ್", "ಚೆನ್ನಾಗಿದೆ" ಈ ಮೂರು ಪದ ನಿಷಿದ್ಧ.

ಇನ್ನೊಂದು ಮುಖ್ಯ ನಿಯಮವಿದೆ. ಕಳಿಸಬೇಕಾದ್ದು ಬೆಸ್ಟ್ ಫೋಟೋ ಅಲ್ಲ, ಇಷ್ಟವಾದ ಫೋಟೋ. ಎರಡೂ ಒಂದೇ ಅಲ್ಲವೇ ಅಂತ ಆರಂಭದಲ್ಲಿ ನಮಗೂ ಅನ್ನಿಸಿತ್ತು. ಬೆಸ್ಟ್ ಅಂತ ಆರಿಸುವಾಗ ನಾವು ಬೇರೆಯವರ ಕಣ್ಣಿನಿಂದ ನೋಡುತ್ತೇವೆ. ಫೋಕಸ್ ಸರಿಯಿದೆಯಾ, ದಿಗಂತ ವಾಲಿದೆಯಾ, ಆಕಾಶ ಬೆಳ್ಳಗೆ ಹೊಡೆದಿದೆಯಾ ಎಂದು ಪರೀಕ್ಷಿಸುತ್ತೇವೆ. ಇಷ್ಟದ್ದು ಅಂದಾಗ ಬೇರೆ ಪ್ರಶ್ನೆ ಏಳುತ್ತದೆ: ಯಾಕೆ ಇಷ್ಟ? ಉತ್ತರ ಕೊಡಬೇಕಾದವರು ನಾವೇ.

ಒಂದು ಉದಾಹರಣೆ ಕೊಡುತ್ತೇನೆ. ಸಿನ್ನರ್ ಅಂದರೆ ಗೊಂದೇಶ್ವರ ದೇವಾಲಯ. ಕಪ್ಪು ಕಲ್ಲಿನ ಪಂಚಾಯತನ ಗುಡಿ. ನಡುವೆ ಶಿವ, ನಾಲ್ಕು ಮೂಲೆಗೆ ಸೂರ್ಯ, ವಿಷ್ಣು, ಪಾರ್ವತಿ, ಗಣಪತಿಯರ ಸಣ್ಣ ಗುಡಿಗಳು. ಸೇವುಣರ ಕಾಲದ್ದು. ದೇವಗಿರಿಗೆ ಹೋಗುವ ಮುಂಚೆ ಸೇವುಣರ ನೆಲೆ ಇದೇ ಸಿನ್ನರ್ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ರಾಷ್ಟ್ರಕೂಟರಿಗೂ ಆಮೇಲೆ ಕಲ್ಯಾಣದ ಚಾಲುಕ್ಯರಿಗೂ ಸಾಮಂತರಾಗಿದ್ದ ಈ ಮನೆತನದ ಶಾಸನಗಳಲ್ಲಿ ಬಹಳಷ್ಟು ಕನ್ನಡದಲ್ಲಿವೆ. ಹಾಗಾಗಿ ಇಲ್ಲಿಗೆ ಬಂದ ಕನ್ನಡಿಗರೆಲ್ಲ "ನಮ್ಮದೇ ಗುಡಿ" ಅನ್ನುತ್ತ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಒಂದು ತಿಂಗಳು ಇದೇ ಗುಡಿಯ ಎರಡು ಫೋಟೋ ಬಂದವು. ಒಂದರಲ್ಲಿ ಸೂರ್ಯೋದಯ, ಇಡೀ ಗುಡಿ, ಒಬ್ಬ ಮನುಷ್ಯನೂ ಇಲ್ಲ. ಇನ್ನೊಂದರಲ್ಲಿ ಶಿಖರದ ಒಂದು ಮಗ್ಗುಲು ಮಾತ್ರ. ಮೇಲೆ ತುದಿಯಿಲ್ಲ, ಕೆಳಗೆ ನೆಲವಿಲ್ಲ. ಮೊದಲನೆಯದನ್ನು ನೋಡಿ ಎಲ್ಲರೂ ತಲೆಯಾಡಿಸಿದೆವು, ಹೇಳಲು ಏನೂ ಹೊಳೆಯಲಿಲ್ಲ. ಎರಡನೆಯದನ್ನು ನೋಡಿ ಗುಂಪಿನ ಹಿರಿಯರು, ಧಾರವಾಡದವರು, ಶುರು ಮಾಡಿದರು: "ಇದು ನಮ್ಮ ಲಕ್ಕುಂಡಿ ಗುಡಿ ಥರಾ ಇಲ್ರಿ. ಇಲ್ಲಿ ನೋಡ್ರಿ, ಸಣ್ಣ ಸಣ್ಣ ಶಿಖರ ಸಾಲಾಗಿ ಮ್ಯಾಲೆ ಹತ್ಯಾವ." ನಿಜ. ನಡುವೆ ಉದ್ದಕ್ಕೆ ಏರುವ ಪಟ್ಟಿ, ಅದರ ಎರಡು ಪಕ್ಕ ಮಣಿಸರ ಪೋಣಿಸಿದ ಹಾಗೆ ಪುಟ್ಟ ಶಿಖರಗಳು. ಭೂಮಿಜ ಶೈಲಿ ಅನ್ನುವುದು ಇದನ್ನೇ. ಆ ಗುಡಿಗೆ ಇಪ್ಪತ್ತು ಸಲವಾದರೂ ಹೋಗಿದ್ದ ನಾವು ಅದನ್ನು ಸರಿಯಾಗಿ ಕಂಡದ್ದು ಅರ್ಧ ಕತ್ತರಿಸಿದ ಆ ಫೋಟೋದಲ್ಲಿ. ತೆಗೆದವಳು ಹೇಳಿದ ಕಾರಣವೂ ಸರಳವಾಗಿತ್ತು: "ಲೆನ್ಸಲ್ಲಿ ಪೂರ್ತಿ ಗುಡಿ ಹಿಡೀಲಿಲ್ಲ, ಹಿಡಿದಷ್ಟೇ ನೋಡ್ತಾ ನಿಂತೆ."

ಇನ್ನೊಂದು ಫೋಟೋ ನಾಂದೂರ್ ಮಧಮೇಶ್ವರದ್ದು. ಗೋದಾವರಿಗೆ ಕಾದವಾ ನದಿ ಸೇರುವ ಕಡೆ ಇರುವ ಈ ಪಕ್ಷಿಧಾಮ ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣ. ಚಳಿಗಾಲದಲ್ಲಿ ಬೆಳಗಿನ ಜಾವವೇ ಕ್ಯಾಮೆರಾಗಳ ಸಾಲು ನಿಂತಿರುತ್ತದೆ. ನಮ್ಮ ಗೆಳೆಯನೊಬ್ಬ ಕಳಿಸಿದ ಚಿತ್ರದಲ್ಲಿ ನೇರಳೆ ಜಂಬುಕೋಳಿ ಇತ್ತು, ಅದರ ಹಿಂದೆ ನೀರಿನಲ್ಲಿ ಸೊಂಟದವರೆಗೆ ನಿಂತು ಬಲೆ ಬಿಡಿಸುತ್ತಿದ್ದ ಮೀನುಗಾರನೂ ಇದ್ದ. ಸ್ಪರ್ಧೆಗಳಿಗೆ ಕಳಿಸುವವರಿಗೆ ಗೊತ್ತಿರುತ್ತದೆ: ನಿಸರ್ಗ ವಿಭಾಗದಲ್ಲಿ ಮನುಷ್ಯನ ಕುರುಹು ಕಾಣಬಾರದು ಎಂಬುದು ಅಂತರರಾಷ್ಟ್ರೀಯ ಸಂಸ್ಥೆಗಳ ಸ್ಥೂಲ ನಿಯಮ, ಒಂದೆರಡು ವಿನಾಯಿತಿ ಬಿಟ್ಟರೆ. ಆ ಲೆಕ್ಕದಲ್ಲಿ ಇದು ಮೊದಲ ಸುತ್ತಿಗೇ ಹೊರಗೆ. ಆದರೆ ಈ ಜೌಗು ಹುಟ್ಟಿದ್ದೇ ಬ್ರಿಟಿಷರ ಕಾಲದಲ್ಲಿ ಗೋದಾವರಿಗೆ ಅಡ್ಡ ಕಟ್ಟಿದ ಒಡ್ಡಿನಿಂದ. ಹೂಳು ತುಂಬಿ ನಡುಗಡ್ಡೆಗಳಾಗಿ, ಜೊಂಡು ಬೆಳೆದು ಹಕ್ಕಿಗಳು ಬಂದವು. ಮನುಷ್ಯನನ್ನು ಕತ್ತರಿಸಿ ತೆಗೆದರೆ ಆ ಜಾಗದ ಅರ್ಧ ಕತೆಯೇ ಹೋಗುತ್ತದೆ. ಆ ರಾತ್ರಿ ಹತ್ತೂ ಜನ ಆ ಚಿತ್ರದ ಬಗ್ಗೆ ಮಾತಾಡಿದೆವು.

ಸ್ಪರ್ಧೆಗಳನ್ನು ನಾನು ಹಳಿಯುತ್ತಿಲ್ಲ. ಕನ್ನಡ ನಾಡಿಗೆ ಆ ಪರಂಪರೆ ದೊಡ್ಡದು. 1971ರಲ್ಲಿ ಶುರುವಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು, ಟಿ.ಎನ್.ಎ. ಪೆರುಮಾಳ್ ಅವರಂಥ ಗುರುಗಳು ಎಷ್ಟೋ ಹವ್ಯಾಸಿಗಳ ಕಣ್ಣು ತಿದ್ದಿದ್ದಾರೆ. ಪ್ರಿಂಟ್‌ಗಳ ಕಾಲದಲ್ಲಿ ಒಂದು ಫೋಟೋ ಅಂಚೆಯಲ್ಲಿ ದೇಶ ಸುತ್ತಿ ಬರುವಾಗ ಅದರ ಬೆನ್ನಿಗೆ ಒಂದೊಂದು ಪ್ರದರ್ಶನದ ಚೀಟಿ ಅಂಟಿರುತ್ತಿತ್ತು. ಆದರೆ ತೀರ್ಪುಗಾರರ ಮುಂದೆ ಒಂದು ಚಿತ್ರಕ್ಕೆ ಸಿಗುವುದು ಕೆಲವೇ ಸೆಕೆಂಡು, ಹಿಂತಿರುಗಿ ಬರುವುದು ಒಂದು ಅಂಕ. ಗೆಳೆಯರ ನಡುವೆ ಚಿತ್ರಕ್ಕೆ ಸಿಗುವುದು ಮಾತು.

ಹೀಗೆ ಹಂಚಿಕೊಳ್ಳುವ ಆಸೆ ಕ್ಯಾಮೆರಾದಷ್ಟೇ ಹಳೆಯದು. 1861ರಲ್ಲಿ ಅಮೆರಿಕದ ಕೆಲವು ಹವ್ಯಾಸಿಗಳು ಒಂದು ವಿನಿಮಯ ಕೂಟ ಕಟ್ಟಿಕೊಂಡು, ಎರಡು ತಿಂಗಳಿಗೊಮ್ಮೆ ತಮ್ಮ ಪ್ರಿಂಟ್‌ಗಳನ್ನು ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದರು. ಅದಕ್ಕೂ ಮುಂಚೆ ನಮ್ಮ ಪಕ್ಕದ ಮುಂಬಯಿಯಲ್ಲೇ, 1854ರಲ್ಲಿ, ಫೋಟೋಗ್ರಾಫಿಕ್ ಸೊಸೈಟಿ ಆಫ್ ಬಾಂಬೆ ಹುಟ್ಟಿತ್ತು. ವೈದ್ಯರಾಗಿದ್ದ ನಾರಾಯಣ ದಾಜಿ ಅವರಂಥ ಭಾರತೀಯರೂ ಅದರಲ್ಲಿದ್ದರು. ಆ ಬಳಗದ ಆಸರೆಯಲ್ಲಿ 1856ರಿಂದ 1858ರವರೆಗೆ 'ದಿ ಇಂಡಿಯನ್ ಅಮೆಚೂರ್ಸ್ ಫೋಟೋಗ್ರಾಫಿಕ್ ಆಲ್ಬಮ್' ತಿಂಗಳು ತಿಂಗಳು ಹೊರಬಂತು. ಅಚ್ಚುಹಾಕಿದ ಚಿತ್ರಗಳಲ್ಲ, ನಿಜವಾದ ಫೋಟೋಗಳನ್ನೇ ಹಾಳೆಗೆ ಅಂಟಿಸಿ ಚಂದಾದಾರರಿಗೆ ಕೊಡುತ್ತಿದ್ದರು. ಕಟ್ಟಡಗಳ ಜೊತೆ ಜನರ ಚಿತ್ರಗಳೂ ಅದರಲ್ಲಿದ್ದವು. ಆ ಜನರಿಗೆ ಸಿಕ್ಕಿದ್ದ ಶೀರ್ಷಿಕೆ ಜಾತಿ, ಸಮುದಾಯ ಇಲ್ಲವೇ ಕಸುಬು, ಮನುಷ್ಯರ ಹೆಸರಲ್ಲ. ಆಲ್ಬಮ್ ತಂದವರಲ್ಲಿ ಒಬ್ಬರಾದ ವಿಲಿಯಂ ಜಾನ್ಸನ್ 1863ರಲ್ಲಿ ತಂದ ಪುಸ್ತಕದಲ್ಲಂತೂ ಜನರ ಆಕೃತಿಗಳನ್ನು ಕತ್ತರಿಸಿ ಬೇರೆ ಜಾಗದ ಹಿನ್ನೆಲೆಗೆ ಜೋಡಿಸಿದ್ದಾರೆ. ಆ ಚಿತ್ರಗಳು ಲಂಡನ್ ತಲುಪಿದವು. ಚಿತ್ರದಲ್ಲಿದ್ದವರ ಮನೆ ತಲುಪಿದ್ದವೇ ಎಂಬ ಪ್ರಶ್ನೆ ಆಗಿನವರಿಗೆ ಹುಟ್ಟಿದಂತೆ ಕಾಣುವುದಿಲ್ಲ.

ನಮಗೆ ಆ ಪ್ರಶ್ನೆ ಹುಟ್ಟಿದ್ದು ಒಂದು ಬೀಡಿ ಫೋಟೋದಿಂದ.

ಸಿನ್ನರ್ ಕೈಗಾರಿಕೆಗೆ ಹೆಸರಾಗುವ ಮುಂಚೆ ಬೀಡಿಗೆ ಹೆಸರಾಗಿತ್ತು. ಈಗಲೂ ಹಳೇ ಗಲ್ಲಿಗಳಲ್ಲಿ ಮಧ್ಯಾಹ್ನ ಹೋದರೆ ಹೊಸ್ತಿಲಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರು ಸಿಗುತ್ತಾರೆ. ನಮ್ಮ ಗುಂಪಿನ ಕಿರಿಯ, ಶಿವಮೊಗ್ಗದ ಹುಡುಗ, ಅಂಥ ಒಬ್ಬ ಅಜ್ಜಿಯ ಕೈಗಳ ಫೋಟೋ ತಂದ. ಬಾಗಿಲಿಂದ ಬಿದ್ದ ಓರೆ ಬೆಳಕು, ಮೊರದ ತುಂಬ ಎಲೆ, ಸುಕ್ಕುಗಟ್ಟಿದ ಬೆರಳು. ಮುಖವಿಲ್ಲ. 'ದುಡಿಮೆ' ಎಂದು ಹೆಸರಿಟ್ಟಿದ್ದ. ಎಲ್ಲರೂ ಬೆಳಕಿನ ಬಗ್ಗೆ ಮಾತಾಡಿದೆವು. ಕಪ್ಪುಬಿಳುಪಿಗೆ ಬದಲಾಯಿಸಿದರೆ ಹೇಗೆ ಅಂತಲೂ ಒಬ್ಬರು ಕೇಳಿದರು.

ಬಂಟ್ವಾಳದ ಅಕ್ಕ ಮಾತ್ರ ಸುಮ್ಮನಿದ್ದರು. ಅವರ ಅಮ್ಮ ಬೀಡಿ ಕಟ್ಟಿಯೇ ಮೂರು ಮಕ್ಕಳನ್ನು ಓದಿಸಿದವರು. ತಮ್ಮ ಸರದಿ ಬಂದಾಗ ಹೇಳಿದರು: "ಎಲೆ ಕತ್ತರಿಸಿ ಆಗಿದೆ, ಸುತ್ತಿಯೂ ಆಗಿದೆ. ಈಗ ತುದಿ ಮಡಚುವುದು. ಹೆಬ್ಬೆರಳಿನ ಉಗುರು ನೋಡಿ, ಸವೆದು ಸವೆದು ಒಂದು ಕಡೆ ಮಾತ್ರ ಉಳಿದಿದೆ. ನನ್ನ ಅಮ್ಮನದ್ದೂ ಹಾಗೆಯೇ." ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ, ಸರಿಯಿಲ್ಲ ಅಂತ ತೆಗೆದುಹಾಕಿದ ಬೀಡಿಗೆ ದುಡ್ಡಿಲ್ಲ, ಅದಕ್ಕೇ ಕಣ್ಣು ಆಚೀಚೆ ಹೋಗುವುದಿಲ್ಲ ಎಂದು ವಿವರಿಸಿದರು. ನಾವು ಬೆಳಕು ನೋಡುತ್ತಿದ್ದ ಜಾಗದಲ್ಲಿ ಅವರಿಗೆ ಒಂದು ಆಯುಷ್ಯದ ಕೆಲಸ ಕಂಡಿತ್ತು. ಆಮೇಲೆ ಆ ಹುಡುಗನಿಗೆ ಮೆಲ್ಲಗೆ ಕೇಳಿದರು: "ಅಲ್ಲ ಮಾರಾಯ, ಇವರ ಹೆಸರು ಎಂತ? ಅವರಿಗೆ ಒಂದು ಫೋಟೋ ಕೊಟ್ಟಿದ್ದೀಯಾ?"

ಕರೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗ ಒಳ್ಳೆಯವನು. ಅನುಮತಿ ಕೇಳಿಯೇ ತೆಗೆದಿದ್ದ, ಅಜ್ಜಿ ತಲೆಯಾಡಿಸಿದ್ದರು. ಅದಕ್ಕಿಂತ ಮುಂದೆ ಅವನೂ ಯೋಚಿಸಿರಲಿಲ್ಲ, ನಾವು ಯಾರೂ ಯೋಚಿಸಿರಲಿಲ್ಲ. ನಾವು ನಾವೇ ಹಂಚಿಕೊಂಡು ಖುಷಿಪಡುತ್ತಿದ್ದೆವು.

ಮುಂದಿನ ವಾರ ಅವನು ಪ್ರಿಂಟ್ ಹಾಕಿಸಿ ಆ ಗಲ್ಲಿಗೆ ಹೋದ. ಅಜ್ಜಿ ಕೈ ಒರೆಸಿಕೊಂಡು ಫೋಟೋ ಹಿಡಿದು, ತಿರುಗಿಸಿ, ಮತ್ತೆ ನೋಡಿ ಕೇಳಿದರಂತೆ: "ಮಾಝಾ ಚೆಹರಾ ಕುಠೇ ಆಹೇ?" ನನ್ನ ಮುಖ ಎಲ್ಲಿ? ನಮಗೆ ಕಲೆಯಾಗಿ ಕಂಡದ್ದು ಅವರಿಗೆ ದಿನಾ ನೋಡುವ ಕೈ. ಅದನ್ನು ಗೋಡೆಗೆ ಹಾಕಿಕೊಂಡು ಏನು ಮಾಡುವುದು? ಅವರು ಹುಡುಗನನ್ನು ಕೂರಿಸಿ ಚಹಾ ಕೊಟ್ಟು, ಒಳಗೆ ಹೋಗಿ ಹಸಿರು ಸೀರೆ ಉಟ್ಟು ಬಂದರು. ಶಾಲೆಯಿಂದ ಬಂದ ಮೊಮ್ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ನೀಲಿ ಗೋಡೆ, ಇಬ್ಬರೂ ನೆಟ್ಟಗೆ, ಕ್ಯಾಮೆರಾಕ್ಕೆ ಎದುರಾಗಿ. ಯಾರೂ ನಗುತ್ತಿಲ್ಲ.

ಮುಂದಿನ ತಿಂಗಳ ಭಾನುವಾರ ಅವನು ತಂದ ಇಷ್ಟದ ಫೋಟೋ ಅದೇ. ಬೆಳಕು ಚಪ್ಪಟೆ, ಮೊಮ್ಮಗಳ ಒಂದು ಕಾಲು ಚೌಕಟ್ಟಿನ ಹೊರಗೆ. ಯಾವ ಸ್ಪರ್ಧೆಯಲ್ಲೂ ಅದಕ್ಕೆ ಅಂಕ ಬರುವುದಿಲ್ಲ. ಆದರೆ ಈ ಸಲ ಅವನು ಅಜ್ಜಿಯ ಹೆಸರು ಹೇಳಿ ಶುರು ಮಾಡಿದ. ಅವರ ಒಪ್ಪಿಗೆ ಗುಂಪಿಗೆ ಮಾತ್ರ ಇದ್ದದ್ದರಿಂದ ಆ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ, ಫೋಟೋವನ್ನೂ ಹಾಕುತ್ತಿಲ್ಲ. ಅದರ ಪ್ರಿಂಟ್ ಈಗ ಅವರ ಮನೆಯಲ್ಲಿ ಟಿವಿ ಪಕ್ಕ ಇದೆ.

ಇದಾದ ಮೇಲೆ ನಮ್ಮ ನಿಯಮಗಳಿಗೆ ಇನ್ನೆರಡು ಸೇರಿವೆ. ಚಿತ್ರದಲ್ಲಿ ಗುರುತು ಸಿಗುವ ಮನುಷ್ಯರಿದ್ದರೆ ಅವರ ಹೆಸರು ತೆಗೆದವರಿಗೆ ಗೊತ್ತಿರಬೇಕು, ಮತ್ತು ಒಂದು ಪ್ರತಿ ಅವರಿಗೆ ತಲುಪಿರಬೇಕು. ಬಸ್ ನಿಲ್ದಾಣದ ಗದ್ದಲದಲ್ಲಿ ಇದು ಆಗದ ಮಾತು, ನಿಜ. ಆದರೆ ಹೊಸ್ತಿಲಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಕೂತವರನ್ನು ಹತ್ತಿರ ಹೋಗಿ ತೆಗೆಯುತ್ತೇವಲ್ಲ, ಅಲ್ಲಿ ಆಗದಿರಲು ಕಾರಣವಿಲ್ಲ. ಒಂದು ಪ್ರಿಂಟಿಗೆ ಬೀಳುವ ಖರ್ಚು ಚಹಾ-ವಡಾಪಾವ್‌ನಷ್ಟು. ಹಕ್ಕಿ ತೆಗೆಯುವವರಿಗೂ ಹೀಗೇ ಒಂದು ಜವಾಬ್ದಾರಿಯಿದೆ: ಗೂಡಿನ ಜಾಗ ಹೇಳಬೇಡಿ. ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ ಅಂತ ಡಾಕ್ಯುಮೆಂಟ್ ಆಗಿ ಕಳಿಸುತ್ತೇವೆ. ಆಗ ಕಡತದೊಳಗೆ ಅಡಗಿರುವ ಜಿಪಿಎಸ್ ವಿವರವೂ ಜೊತೆಗೇ ಹೋಗುತ್ತದೆ. ಕಳಿಸುವ ಮುಂಚೆ ಅದನ್ನು ಅಳಿಸಿ.

ಮುಂಬಯಿ, ದೆಹಲಿ, ಹೈದರಾಬಾದ್, ಚೆನ್ನೈ ಎಲ್ಲೇ ಇರಿ, ನಾಲ್ಕು ಜನ ಗೆಳೆಯರು ಸಿಕ್ಕರೆ ಇಂಥ ಒಂದು ಗುಂಪು ಮಾಡಿಕೊಳ್ಳಿ. ದುಬಾರಿ ಕ್ಯಾಮೆರಾ ಬೇಡ. ನಮ್ಮಲ್ಲಿ ಏಳು ಜನರದು ಬರೀ ಫೋನು. ತಿಂಗಳಿಗೆ ಒಂದೇ ಫೋಟೋ ಅನ್ನುವುದನ್ನು ಮಾತ್ರ ಸಡಿಲಿಸಬೇಡಿ. ಮೂವತ್ತು ದಿನಗಳಲ್ಲಿ ನಾವು ಎಲ್ಲಿಗೆ ಹೋದೆವು, ಯಾರ ಹತ್ತಿರ ನಿಂತೆವು ಎಂಬುದನ್ನು ಆ ಒಂದಕ್ಕಾಗಿ ಹುಡುಕುವಾಗಲೇ ಲೆಕ್ಕ ಹಾಕುತ್ತೇವೆ. ಈ ತಿಂಗಳು ನಿಮ್ಮ ಫೋನಿನಿಂದ ಒಂದು ಫೋಟೋ ಆರಿಸಿ, ಪ್ರಿಂಟ್ ಹಾಕಿಸಿ, ಅದರಲ್ಲಿ ಇರುವವರಿಗೆ ಕೊಟ್ಟು ಬನ್ನಿ. ಅವರು ಏನಂದರು ಅಂತ ನನಗೆ ಬರೆದು ತಿಳಿಸಿ.