ಮಾತು ಬೇಡವೆಂದ ವಾದ್ಯವೃಂದ

ಸಾಹಿತ್ಯವಿಲ್ಲದ ಸಂಗೀತ ಉಪ್ಪಿಲ್ಲದ ಊಟವೆಂಬುದು ನಮ್ಮಲ್ಲಿ ಅನೇಕರ ಅಭಿಪ್ರಾಯ. ಹಾಸ್ಟೆಲಿನಲ್ಲಿ ಈ ವಿಷಯವಾಗಿ ಎಷ್ಟೋ ರಾತ್ರಿ ವಾದ ನಡೆದುದುಂಟು. ನಾನೂ ಒಂದು ಕಾಲಕ್ಕೆ ಆ ಪಕ್ಷದವನೇ. ಜಪಾನಿನ ‘ಮೊನೊ’ ಎಂಬ ವಾದ್ಯವೃಂದವನ್ನು ಕೇಳಿದ ಮೇಲೆ ಪಕ್ಷ ಬದಲಾಯಿಸಬೇಕಾಯಿತು. ಏಕೆಂಬುದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಈ ವೃಂದ ಹುಟ್ಟಿದ್ದು 1999ರಲ್ಲಿ, ಟೋಕಿಯೋ ನಗರದಲ್ಲಿ. ಟಾಕಾಕಿರಾ ಗೋಟೊ ಇದರ ಮುಖ್ಯ ರಚನಕಾರರು. ಎರಡು ಗಿಟಾರು, ಒಂದು ಬಾಸ್, ಒಂದು ಡ್ರಮ್ಮು, ಹಾಡುವವರಿಲ್ಲ. ಮೊದಲ ಪೂರ್ಣ ಧ್ವನಿಮುದ್ರಿಕೆ 2001ರಲ್ಲಿ ನ್ಯೂಯಾರ್ಕಿನ ಜಾದಿಕ್ ಸಂಸ್ಥೆಯಿಂದ ಹೊರಬಂದಿತು. ಅದರ ಹೆಸರು ‘ಅಂಡರ್ ದಿ ಪೀಪಲ್ ಟ್ರೀ’, ಎಂದರೆ ಅರಳಿಮರದ ಕೆಳಗೆ. ನಮ್ಮೂರ ಕಟ್ಟೆಯ ಮೇಲಿನ ಮರ ಅಷ್ಟು ದೂರದವರ ಮನಸ್ಸಿಗೂ ಬಂದಿತಲ್ಲ ಎಂದು ನನಗೆ ಸಂತೋಷವಾಯಿತು.

ಇವರ ಕೃತಿಗಳಲ್ಲಿ ಹಲವು ಹತ್ತು ನಿಮಿಷವನ್ನೂ ಮೀರುತ್ತವೆ. ಮೊದಲು ಒಂದೇ ಗಿಟಾರು ಪಿಸುಗುಟ್ಟಿದಂತೆ ನುಡಿಯುತ್ತದೆ. ಸ್ವರದ ಮೇಲೆ ಸ್ವರ ಕೂಡುತ್ತ ಹೋಗಿ, ಕಡೆಗೆ ತಗಡಿನ ಮಾಡಿನ ಮೇಲೆ ಮುಂಗಾರು ಸುರಿದ ಹಾಗೆ ಭೋರ್ಗರೆಯುತ್ತದೆ. ಅವಸರದವರಿಗೆ ಇದು ಒಗ್ಗದು. 2009ರ ‘ಹಿಮ್ ಟು ದಿ ಇಮ್ಮಾರ್ಟಲ್ ವಿಂಡ್’ ಕೃತಿಯಲ್ಲಿ ಪಿಟೀಲು ಮೊದಲಾದ ತಂತಿವಾದ್ಯಗಳ ಮೇಳವೂ ಸೇರಿತು.

2012ರಲ್ಲಿ ಬಂದ ಧ್ವನಿಮುದ್ರಿಕೆಯ ಹೆಸರು ‘ಫಾರ್ ಮೈ ಪೇರೆಂಟ್ಸ್’, ನನ್ನ ತಂದೆತಾಯಿಗಳಿಗಾಗಿ. ನನ್ನ ಮನಸ್ಸು ಕಲಕಿದ್ದು ಇದೇ. ನನ್ನ ಅಪ್ಪ ಅವ್ವ ಅಕ್ಷರ ಕಂಡವರಲ್ಲ. ನಾನು ಮೂರು ವರ್ಷ ಬರೆದ ಪ್ರಬಂಧಗಳಲ್ಲಿ ಒಂದನ್ನೂ ಅವರಿಗೆ ಅರ್ಪಿಸುವಂತಿಲ್ಲ. ಅರ್ಪಿಸಿದರೂ ಓದಿ ಹೇಳಲು ನಾನೇ ಬೇಕು. ದಸರೆಯ ರಜೆಯಲ್ಲಿ ಈ ಮುದ್ರಿಕೆಯ ಮೊದಲನೆಯ ಕೃತಿಯನ್ನು ಮೊಬೈಲಿನಲ್ಲಿ ಅವ್ವನಿಗೆ ಕೇಳಿಸಿದೆ. ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ, “ಯಾರನ್ನೋ ಬಸ್ಸು ಹತ್ತಿಸಿ ಬಂದಂಗಾಗ್ತದೆ ಕಣಪ್ಪ” ಎಂದಳು. ಹೆಸರು ನಾನು ಹೇಳಿರಲಿಲ್ಲ. ನಾನು ಅರ್ಥ ಮಾಡಿ ಹೇಳಬೇಕಾದ ಪ್ರಮೇಯವೇ ಬರಲಿಲ್ಲ.

ಹಾಗೆಂದು ಮಾತೇ ಬೇಡವೆಂಬುದು ನನ್ನ ವಾದವಲ್ಲ. ಈ ವೃಂದದವರೇ 2019ರ ‘ನೋವೇರ್ ನೌ ಹಿಯರ್’ನಲ್ಲಿ ತಮ್ಮ ಬಾಸ್ ವಾದಕಿ ಟಮಾಕಿಯವರಿಂದ ಒಂದು ಗೀತೆ ಹಾಡಿಸಿದರು. ಬೇಕಾದಲ್ಲಿ ಬೇಕಾದಷ್ಟೇ ಮಾತು; ಇದು ಅವರ ನಿಯಮವೆಂದು ನನಗೆ ತೋರುತ್ತದೆ. ಮೊದಲಿನಿಂದ ಇದ್ದ ಡ್ರಮ್ಮು ವಾದಕರು 2017ರಲ್ಲಿ ಬಿಟ್ಟುಹೋದರೂ ವೃಂದ ಒಡೆಯಲಿಲ್ಲ. ಇವರ ಮುಖ್ಯ ಕೃತಿಗಳನ್ನು ಮುದ್ರಿಸಿದ ಚಿಕಾಗೋದ ಸ್ಟೀವ್ ಆಲ್ಬಿನಿ 2024ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರು ಮುದ್ರಿಸಿದ್ದ ‘ಓತ್’ ಮರುತಿಂಗಳು ಬಿಡುಗಡೆಯಾಯಿತು. ‘ಓತ್’ ಎಂದರೆ ಪ್ರತಿಜ್ಞೆ. ಇಪ್ಪತ್ತೈದು ವರ್ಷ ಒಂದೇ ದಾರಿಯಲ್ಲಿ ನಡೆದವರಿಗೆ ಆ ಹೆಸರು ಒಪ್ಪುತ್ತದೆ.

ಮನೆಯಲ್ಲಿ ಮೊದಲು ಅಕ್ಷರ ಕಲಿತ ನಮ್ಮಂಥವರಿಗೆ ಒಂದು ಅಹಂಕಾರ ಸುಲಭವಾಗಿ ಬರುತ್ತದೆ. ಓದಿದವನಿಗೆ ಮಾತ್ರ ಅರ್ಥ ತಿಳಿಯುತ್ತದೆ ಎಂಬ ಅಹಂಕಾರ. ನನಗೂ ಅದು ಬಂದಿತ್ತು. ಈ ಪದವಿಯನ್ನು ಹಿಡಿದು ಮನೆಗೆ ಹೋಗುವ ಮುನ್ನ ಅದನ್ನು ಹಾಸ್ಟೆಲಿನಲ್ಲೇ ಬಿಟ್ಟು ಹೋಗಬೇಕೆಂದಿದ್ದೇನೆ. ಸಹಪಾಠಿಗಳೂ ಒಂದು ಸಂಜೆ, ಅರ್ಥವೇನೆಂದು ಕೇಳದೆ, ಹನ್ನೆರಡು ನಿಮಿಷ ಕಿವಿಗೊಟ್ಟು ನೋಡಲಿ.