ಪಂಕ್ತಿಭೇದವಿಲ್ಲದ ಹಬ್ಬದ ಜೆಲ್ಲಿ

ಒಂದೇ ಪಂಕ್ತಿಯಲ್ಲಿ ಕುಳಿತವರಿಗೆ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಬಡಿಸುವುದು ಸಲ್ಲದೆಂದು ಹಿರಿಯರು ಹೇಳುವುದುಂಟು. ಹಬ್ಬದ ದಿನ ಈ ಮಾತಿಗೆ ಬೆಲೆ ಇನ್ನೂ ಹೆಚ್ಚು. ತಟ್ಟೆಯಲ್ಲಿರುವ ತಿಂಡಿಯನ್ನು ಕಂಡು ಮಗು ಕೈಚಾಚಿದಾಗ ‘ಅದು ನಿನಗಲ್ಲ’ ಎಂದು ತಡೆಯಬೇಕಾಗಿ ಬಂದರೆ, ಅಜ್ಜಿಯು ‘ಇದಕ್ಕೆ ಏನೇನು ಹಾಕಿದ್ದೀಯಮ್ಮ?’ ಎಂದು ಕೇಳಿ, ಉತ್ತರ ಬಂದ ಮೇಲೆ ಕೈ ಹಿಂದೆಗೆದರೆ, ಎಷ್ಟು ಬಗೆಯ ಭಕ್ಷ್ಯಗಳಿದ್ದರೂ ಹಬ್ಬದ ಸೊಗಸು ಅಷ್ಟರ ಮಟ್ಟಿಗೆ ಕುಂದಿದಂತೆಯೇ ಸರಿ.

ಇಂತಹ ಇಕ್ಕಟ್ಟನ್ನು ತಂದೊಡ್ಡುವ ತಿನಿಸುಗಳಲ್ಲಿ ಬಣ್ಣದ ಜೆಲ್ಲಿಯೂ ಒಂದು. ಅಮೆರಿಕದಲ್ಲಿ ಕ್ರಿಸ್‌ಮಸ್ ರಜೆಗೆ ಬಂಧುಬಳಗ ಕಲೆಯುವ ಅನೇಕ ಮನೆಗಳಲ್ಲಿ ಹಸಿರು, ಬಿಳುಪು, ಕೆಂಪು ಪದರಗಳ ಜೆಲ್ಲಿಯನ್ನು ಪುಟ್ಟ ಬಟ್ಟಲುಗಳಲ್ಲಿ ಜೋಡಿಸಿಡುವ ವಾಡಿಕೆಯುಂಟು. ದೊಡ್ಡವರ ಕೂಟಗಳಲ್ಲಿ ಇದಕ್ಕೆ ಮದ್ಯವನ್ನು ಬೆರೆಸುವುದೂ ಉಂಟು. ಬೆರೆಸಿದ ಬಟ್ಟಲಿಗೂ ಬೆರೆಸದ ಬಟ್ಟಲಿಗೂ ಹೊರನೋಟಕ್ಕೆ ಯಾವ ಭೇದವೂ ಕಾಣದು. ಇದು ಮೊದಲನೆಯ ತೊಡಕು. ಜೆಲ್ಲಿಯನ್ನು ಹೆಪ್ಪುಗಟ್ಟಿಸುವ ಜಿಲೆಟಿನ್ ಎಂಬ ವಸ್ತುವು ಪ್ರಾಣಿಗಳ ಚರ್ಮ ಮತ್ತು ಎಲುಬುಗಳಿಂದ ಬರತಕ್ಕದ್ದು ಎಂಬುದು ಎರಡನೆಯ ತೊಡಕು. ಆ ದೇಶದಲ್ಲಿ ನೆಲೆಸಿ, ಮನೆಗೆ ನೆಂಟರನ್ನೂ ನೆರೆಯವರನ್ನೂ ಕರೆಯುವ ಕನ್ನಡ ಗೃಹಿಣಿಗೆ ಎರಡೂ ಒಟ್ಟಿಗೆ ಎದುರಾಗುತ್ತವೆ. ಇವೆರಡನ್ನೂ ನಿವಾರಿಸಿದರೆ ಒಂದೇ ತಟ್ಟೆಯಿಂದ ಎಲ್ಲರಿಗೂ ಕೊಡಬಹುದು. ಅದಕ್ಕೆ ಬೇಕಾದ ಸಾಮಗ್ರಿ ಕನ್ನಡ ನಾಡಿನ ಅಡಿಗೆಮನೆಗೂ ಹೊಸತಲ್ಲ.

ಎಲುಬಿನಿಂದ ಪೊಟ್ಟಣಕ್ಕೆ

ಇಂದು ಮನೆಮನೆಯಲ್ಲಿರುವ ಪ್ರೆಷರ್ ಕುಕ್ಕರಿನ ಮೂಲಪುರುಷನೆನ್ನಬಹುದಾದ ಫ್ರೆಂಚ್ ವಿಜ್ಞಾನಿ ಡೆನಿ ಪಾಪ್ಯಾಂ 1679ರಲ್ಲಿ ತನ್ನ ಹಬೆಯ ಪಾತ್ರೆಯನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರದರ್ಶಿಸಿದನು. ಗಟ್ಟಿಯಾದ ಎಲುಬುಗಳನ್ನು ಬೇಯಿಸಿ ಮೆತ್ತಗೆ ಮಾಡಿ ಅದರ ಸಾರವನ್ನು ತೆಗೆಯುವುದೇ ಆ ಪಾತ್ರೆಯ ಉದ್ದೇಶವಾಗಿತ್ತು. ಆ ಸಾರದಲ್ಲಿ ಹೆಪ್ಪುಗಟ್ಟುವ ಅಂಶವೇ ಜಿಲೆಟಿನ್. ಅಮೆರಿಕದಲ್ಲಿ 1845ರಲ್ಲಿ ಪೀಟರ್ ಕೂಪರ್ ಎಂಬ ಉದ್ಯಮಿಯು ಸಿದ್ಧ ಜಿಲೆಟಿನ್ನಿಗೆ ಪೇಟೆಂಟ್ ಪಡೆದನು. 1897ರಲ್ಲಿ ನ್ಯೂಯಾರ್ಕ್ ಪ್ರಾಂತದ ಲೆರಾಯ್ ಎಂಬ ಊರಿನ ಪರ್ಲ್ ವೇಟ್ ಎಂಬಾತನು ಅದಕ್ಕೆ ಹಣ್ಣಿನ ರುಚಿಯನ್ನೂ ಸಕ್ಕರೆಯನ್ನೂ ಸೇರಿಸಿದನು. ಅದಕ್ಕೆ ‘ಜೆಲ್-ಒ’ ಎಂಬ ಹೆಸರನ್ನಿಟ್ಟವಳು ಆತನ ಪತ್ನಿ ಮೇ. ವ್ಯಾಪಾರ ಕುದುರದೆ, 1899ರಲ್ಲಿ ಕೇವಲ 450 ಡಾಲರುಗಳಿಗೆ ಅದರ ಹಕ್ಕನ್ನು ಅದೇ ಊರಿನ ಆರೇಟರ್ ವುಡ್‌ವರ್ಡ್ ಎಂಬಾತನಿಗೆ ಮಾರಬೇಕಾಯಿತು. ಮುಂದೆ ಅದು ದೇಶದ ಉದ್ದಗಲಕ್ಕೂ ಹಬ್ಬಿತು.

ಜೆಲ್ಲಿಗೆ ಮದ್ಯ ಬೆರೆಸುವುದು ಅದಕ್ಕಿಂತಲೂ ಹಳೆಯ ಪದ್ಧತಿ. 1862ರಲ್ಲಿ ಅಮೆರಿಕದ ಪಾನಗೃಹ ಪರಿಚಾರಕ ಜೆರ್ರಿ ಥಾಮಸ್ ಪ್ರಕಟಿಸಿದ ಪಾನೀಯಗಳ ಪುಸ್ತಕದಲ್ಲಿ ಅಂತಹ ಜೆಲ್ಲಿಯ ವಿಧಾನವಿದೆ. ಅದರ ರುಚಿಯ ಹಿಂದೆ ಮದ್ಯದ ಕಸುವು ಅಡಗಿರುತ್ತದೆ, ಮಿತವಾಗಿ ಬಳಸಬೇಕು ಎಂಬ ಎಚ್ಚರಿಕೆಯನ್ನೂ ಆತನೇ ಕೊಟ್ಟಿದ್ದಾನೆ. ದೊಡ್ಡವರನ್ನೇ ಮೋಸಗೊಳಿಸುವ ತಿನಿಸು ಮಗುವನ್ನು ಬಿಟ್ಟೀತೆ? ಸಣ್ಣ ಮಕ್ಕಳ ಶರೀರದಲ್ಲಿ ಸ್ವಲ್ಪ ಮದ್ಯವೂ ರಕ್ತದ ಸಕ್ಕರೆಯನ್ನು ಅಪಾಯಕರವಾಗಿ ಇಳಿಸಬಲ್ಲದು. ಆದುದರಿಂದ ‘ದೊಡ್ಡವರಿಗೊಂದು, ಮಕ್ಕಳಿಗೊಂದು’ ಎಂದು ಎರಡು ಬಗೆ ಮಾಡಿ ಗುರುತಿನ ಚೀಟಿ ಅಂಟಿಸುವ ಉಪಾಯ ಸಾಲದು. ಓದಲು ಬಾರದ ಮಗುವಿಗೆ ಚೀಟಿಯಿಂದೇನು ಪ್ರಯೋಜನ? ಮಕ್ಕಳಿರುವ ಮನೆಯಲ್ಲಿ ಒಂದೇ ಬಗೆಯನ್ನು, ಮದ್ಯವಿಲ್ಲದ್ದನ್ನೇ ಮಾಡುವುದು ಕ್ಷೇಮ.

ಕಡಲ ಪಾಚಿಯ ನೆರವು

ಜಿಲೆಟಿನ್ನಿಗೆ ಬದಲಾಗಿ ಒದಗುವುದು ‘ಚೈನಾ ಗ್ರಾಸ್’ ಅಥವಾ ಅಗರ್. ಹೆಸರು ಹುಲ್ಲಿನದಾದರೂ ಇದು ಕೆಂಪು ಕಡಲಪಾಚಿಯಿಂದ ತೆಗೆದ ಅಂಟು. ಜಪಾನಿನಲ್ಲಿ 17ನೆಯ ಶತಮಾನದಿಂದ ಬಳಕೆಯಲ್ಲಿದೆ. ಭಾರತದಲ್ಲಿ ತಮಿಳುನಾಡಿನ ಮನ್ನಾರ್ ಕೊಲ್ಲಿಯ ತೀರದಲ್ಲಿ ಇದಕ್ಕೆ ತಕ್ಕ ಪಾಚಿಯನ್ನು ಸಂಗ್ರಹಿಸುತ್ತಾರೆ. ಎಳೆಎಳೆಯಾಗಿಯೂ ಪುಡಿಯಾಗಿಯೂ ಅಂಗಡಿಗಳಲ್ಲಿ ದೊರೆಯುತ್ತದೆ.

ಈ ಅಡಿಗೆಯ ವಸ್ತುವು ವಿಜ್ಞಾನಕ್ಕೆ ಮಾಡಿದ ಉಪಕಾರವೊಂದು ಗೃಹಿಣಿಯರಿಗೆ ಹೆಮ್ಮೆ ತರುವಂತಹುದು. 1881ರಲ್ಲಿ ಜರ್ಮನಿಯ ರಾಬರ್ಟ್ ಕಾಕ್‌ನ ಪ್ರಯೋಗಶಾಲೆಯಲ್ಲಿ ರೋಗಾಣುಗಳನ್ನು ಜಿಲೆಟಿನ್ನಿನ ಮೇಲೆ ಬೆಳೆಸುತ್ತಿದ್ದರು. ಬೇಸಗೆಯ ಸೆಕೆಗೆ ಅದು ಕರಗಿ ನೀರಾಗುತ್ತಿತ್ತು. ಕೆಲವು ರೋಗಾಣುಗಳು ಅದನ್ನೇ ಜೀರ್ಣಿಸಿಕೊಳ್ಳುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವೈದ್ಯ ವಾಲ್ಟರ್ ಹೆಸ್ಸೆಗೆ ‘ಅಗರನ್ನು ಬಳಸಿ ನೋಡಿ’ ಎಂಬ ಸಲಹೆಯನ್ನಿತ್ತವಳು ಆತನ ಪತ್ನಿ ಫ್ಯಾನಿ ಹೆಸ್ಸೆ. ನ್ಯೂಯಾರ್ಕಿನಲ್ಲಿ ಹುಟ್ಟಿದ ಆಕೆ, ಜಾವಾದಲ್ಲಿ ವಾಸಿಸಿದ್ದ ಪರಿಚಿತರಿಂದ ಅಗರಿನ ಬಳಕೆಯನ್ನು ತಿಳಿದು, ಮನೆಯಲ್ಲಿ ಜೆಲ್ಲಿಗೆ ಅದನ್ನೇ ಹಾಕುತ್ತಿದ್ದಳು. ಇಂದಿಗೂ ಪ್ರಯೋಗಶಾಲೆಗಳಲ್ಲಿ ಅಗರ್ ಬಳಕೆಯಲ್ಲಿದೆ.

ಪ್ರಯೋಗಶಾಲೆಗೆ ಒದಗಿದ ಆ ಗುಣವೇ ಹಬ್ಬದ ತಟ್ಟೆಗೂ ಒದಗುತ್ತದೆ. ಜಿಲೆಟಿನ್ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುತ್ತದೆ. ಬಾಯಿಗಿಟ್ಟೊಡನೆ ಕರಗುವ ಅದರ ಸುಖಕ್ಕೂ, ಸೆಕೆಯ ದಿನ ತಟ್ಟೆಯಲ್ಲೇ ಕುಸಿಯುವ ಅದರ ಕೇಡಿಗೂ ಇದೇ ಕಾರಣ. ಅಗರ್ ಹಾಗಲ್ಲ. ಕುದಿಯುವ ನೀರಿನಲ್ಲಿ ಕರಗಿ, 40 ಡಿಗ್ರಿಗಿಂತ ಕೆಳಗಿಳಿಯುತ್ತಲೇ ಹೆಪ್ಪುಗಟ್ಟುತ್ತದೆ. ಮತ್ತೆ ಕರಗಬೇಕಾದರೆ ಸುಮಾರು 85 ಡಿಗ್ರಿ ಶಾಖ ಬೇಕು.

ಬೇಕಾಗುವ ಸಾಮಗ್ರಿಗಳು (ಸುಮಾರು 20 ಪುಟ್ಟ ಬಟ್ಟಲುಗಳಿಗೆ)

ಚೈನಾ ಗ್ರಾಸ್ ಎಳೆಗಳು – 10 ಗ್ರಾಂ
ನೀರು – 400 ಮಿಲಿಲೀಟರ್
ಹಸಿರು ಪದರಕ್ಕೆ: ಪುದೀನ ಸೊಪ್ಪು ಒಂದು ಹಿಡಿ, ನೀರು 200 ಮಿ.ಲೀ., ಸಕ್ಕರೆ 5 ದೊಡ್ಡ ಚಮಚ, 2 ನಿಂಬೆಹಣ್ಣಿನ ರಸ, ತಿನ್ನುವ ಹಸಿರು ಬಣ್ಣ ಒಂದು ತೊಟ್ಟು
ಬಿಳಿಯ ಪದರಕ್ಕೆ: ಕಾಯಿಸಿದ ಹಾಲು 160 ಮಿ.ಲೀ., ಕಂಡೆನ್ಸ್ಡ್ ಮಿಲ್ಕ್ 4 ದೊಡ್ಡ ಚಮಚ, ಏಲಕ್ಕಿ ಪುಡಿ ಒಂದು ಚಿಟಿಕೆ
ಕೆಂಪು ಪದರಕ್ಕೆ: ದಾಳಿಂಬೆ ರಸ 220 ಮಿ.ಲೀ., ಸಕ್ಕರೆ 3 ದೊಡ್ಡ ಚಮಚ, ಶುಂಠಿಯ ರಸ ಅರ್ಧ ಚಮಚ

ದಾಳಿಂಬೆಯ ಬದಲು ಕರಾವಳಿಯ ಪುನರ್ಪುಳಿಯ ಶರಬತ್ತನ್ನು ಹದವಾಗಿ ನೀರು ಬೆರೆಸಿ ಬಳಸಿದರೆ ಬಣ್ಣವೂ ಚೆನ್ನು, ರುಚಿಯೂ ಚೆನ್ನು. ಶರಬತ್ತಿನಲ್ಲೇ ಸಿಹಿಯಿದ್ದರೆ ಸಕ್ಕರೆ ಬೇಡ. ಮದ್ಯವಿಲ್ಲದ ಜೆಲ್ಲಿ ಸಪ್ಪೆಯಾದೀತೆಂಬ ಶಂಕೆಗೆ ಶುಂಠಿ, ನಿಂಬೆ, ಪುದೀನಗಳೇ ಉತ್ತರ. ಗಂಟಲಿಗೆ ಹಿತವಾದ ಚುರುಕನ್ನು ಇವು ಕೊಡುತ್ತವೆ.

ಮಾಡುವ ಕ್ರಮ

ಚೈನಾ ಗ್ರಾಸನ್ನು ಸಣ್ಣಗೆ ಕತ್ತರಿಸಿ 400 ಮಿ.ಲೀ. ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಯಿಡಬೇಕು. ಬಳಿಕ ಅದೇ ನೀರಿನಲ್ಲಿ ಸಣ್ಣ ಉರಿಯ ಮೇಲೆ ಕುದಿಸುತ್ತ, ಬಿಡದೆ ಕಲಕುತ್ತಿರಬೇಕು. 8–10 ನಿಮಿಷಗಳಲ್ಲಿ ಎಳೆಗಳೆಲ್ಲ ಕರಗುತ್ತವೆ. ಒಂದು ಎಳೆ ಉಳಿದರೂ ಅದು ಜೆಲ್ಲಿಯಲ್ಲಿ ಹಲ್ಲಿಗೆ ಸಿಕ್ಕುತ್ತದೆ. ಆದುದರಿಂದ ಸೋಸುವುದನ್ನು ಮರೆಯಲಾಗದು. ಸೋಸಿದ ಮೇಲೆ ಬಿಸಿನೀರು ಸೇರಿಸಿ ಒಟ್ಟು 360 ಮಿ.ಲೀ. ಮಾಡಿಕೊಂಡು ಮೂರು ಪಾಲು ಮಾಡಬೇಕು. ಪಾಲುಗಳನ್ನು ಬಿಸಿನೀರು ತುಂಬಿದ ಅಗಲವಾದ ಪಾತ್ರೆಯಲ್ಲಿಟ್ಟು, ಆ ಪಾತ್ರೆಯನ್ನು ಸಣ್ಣ ಉರಿಯ ಮೇಲಿರಿಸಬೇಕು. ಇಲ್ಲವಾದರೆ ಸರದಿ ಬರುವ ಮುನ್ನವೇ ಅವು ಹೆಪ್ಪುಗಟ್ಟುತ್ತವೆ.

ಮೊದಲು ಹಸಿರು ಪದರ. ಪುದೀನವನ್ನು 200 ಮಿ.ಲೀ. ನೀರಿನಲ್ಲಿ ಎರಡು ನಿಮಿಷ ಕುದಿಸಿ ಸೋಸಿ, ಸಕ್ಕರೆಯನ್ನು ಕರಗಿಸಬೇಕು. ಅದು ಬಿಸಿಯಾಗಿರುವಾಗಲೇ ಒಂದು ಪಾಲು ಅಗರ್ ಸೇರಿಸಿ, ಕೆಳಗಿಳಿಸಿದ ಮೇಲೆ ನಿಂಬೆರಸವನ್ನೂ ಬಣ್ಣವನ್ನೂ ಹಾಕಬೇಕು. ಹುಳಿಯೊಡನೆ ಅಗರನ್ನು ಕುದಿಸಿದರೆ ಅದರ ಹಿಡಿತ ಸಡಿಲವಾಗುತ್ತದೆ. ಪ್ರತಿ ಬಟ್ಟಲಿಗೂ ಒಂದು ದೊಡ್ಡ ಚಮಚಕ್ಕಿಂತ ತುಸು ಹೆಚ್ಚಾಗಿ ಹೊಯ್ಯಬೇಕು.

ಹದ ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು. ತಣ್ಣಗಿನ ತಟ್ಟೆಯ ಮೇಲೆ ಅರ್ಧ ಚಮಚ ಹಾಕಿದರೆ ಎರಡು ಮೂರು ನಿಮಿಷಗಳಲ್ಲಿ ಗಟ್ಟಿಯಾಗತಕ್ಕದ್ದು. ಆಗದಿದ್ದರೆ ಸ್ವಲ್ಪ ಅಗರನ್ನು ಬೇರೆಯಾಗಿ ನೀರಿನಲ್ಲಿ ಕರಗಿಸಿ ಸೇರಿಸಬೇಕು. ರಬ್ಬರಿನಂತಾದರೆ ಬಿಸಿನೀರಿನಿಂದ ತೆಳುವಾಗಿಸಬಹುದು.

ಬಟ್ಟಲಿನ ಹಸಿರು ಮೇಲ್ಮೈ ಕೆನೆಗಟ್ಟಿ, ಬೆರಳು ಸೋಕಿದರೆ ಇನ್ನೂ ಅಂಟುವಂತಿರುವಾಗಲೇ ಎರಡನೆಯ ಪದರವನ್ನು ಹೊಯ್ಯಬೇಕು. ಪೂರ್ತಿ ತಣ್ಣಗಾದ ಮೇಲೆ ಹೊಯ್ದರೆ ಪದರಗಳು ಒಂದಕ್ಕೊಂದು ಅಂಟದೆ ಜಾರಿಬೀಳುತ್ತವೆ. ಹಾಗೇನಾದರೂ ತಡವಾದರೆ ಮುಳ್ಳುಚಮಚದಿಂದ ಮೇಲ್ಮೈಯನ್ನು ನವಿರಾಗಿ ಗೀರಿ ಹೊಯ್ಯುವುದುಂಟು. ಬಿಳಿಯ ಪದರಕ್ಕೆ ಹಾಲು, ಕಂಡೆನ್ಸ್ಡ್ ಮಿಲ್ಕ್, ಏಲಕ್ಕಿಗಳನ್ನು ಬಿಸಿ ಮಾಡಿ ಎರಡನೆಯ ಪಾಲನ್ನು ಬೆರೆಸಬೇಕು. ಕೆಂಪಿಗೆ ರಸ, ಸಕ್ಕರೆ, ಶುಂಠಿಗಳನ್ನು ಬೆಚ್ಚಗೆ ಮಾಡಿ ಮೂರನೆಯ ಪಾಲನ್ನು ಸೇರಿಸಬೇಕು. ಫ್ರಿಜ್ಜಿನಿಂದ ಆಗತಾನೆ ತೆಗೆದ ತಣ್ಣನೆಯ ರಸವನ್ನು ಹಾಕಲಾಗದು, ಅಗರ್ ಗಂಟುಗಂಟಾಗುತ್ತದೆ. ಹಾಲು ಸೇರಿರುವುದರಿಂದ ಸಿದ್ಧವಾದ ಜೆಲ್ಲಿಯನ್ನು ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸುವುದು ಮೇಲು.

ಜಿಲೆಟಿನ್ ಬಳಸುವವರಿಗೆ

ಮಾಂಸಾಹಾರದ ಅಭ್ಯಂತರವಿಲ್ಲದ ಮನೆಗಳಲ್ಲಿ ಜಿಲೆಟಿನ್ನನ್ನೇ ಬಳಸಬಹುದು. ಕೈಯಲ್ಲಿ ಹಿಡಿದು ತಿನ್ನುವಷ್ಟು ಗಟ್ಟಿಯಾಗಲು ಸುಮಾರು 950 ಮಿ.ಲೀ. ದ್ರವಕ್ಕೆ 28 ಗ್ರಾಂ ಬೇಕು. ಕಾಲು ಭಾಗ ತಣ್ಣನೆಯ ರಸದ ಮೇಲೆ ಜಿಲೆಟಿನ್ ಉದುರಿಸಿ ಐದು ನಿಮಿಷ ಬಿಟ್ಟು, ಉಳಿದ ರಸವನ್ನು ಕುದಿಸಿ ಹೊಯ್ದು ಕರಗಿಸಬೇಕು. ಹಾಕಿದ ಮೇಲೆ ಬಹಳ ಹೊತ್ತು ಕುದಿಸಿದರೆ ಜಿಲೆಟಿನ್ ಸತ್ತ್ವಗುಂದುತ್ತದೆ. ಪದರ ಹೊಯ್ಯುವಾಗ ಮೇಲಿನದು ತಣಿದಿರಬೇಕು. ಬಿಸಿಯಾಗಿದ್ದರೆ ಕೆಳಗಿನದು ಕರಗೀತು.

ಹಸಿ ಅನಾನಸ್, ಪರಂಗಿ, ಕಿವಿಹಣ್ಣು, ಅಂಜೂರ ಮತ್ತು ಹಸಿಶುಂಠಿಗಳಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವಗಳಿರುವುದರಿಂದ, ಇವುಗಳೊಡನೆ ಜಿಲೆಟಿನ್ ಹೆಪ್ಪುಗಟ್ಟದು. ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ. ಡಬ್ಬಿಯ ಅನಾನಸ್ ತೊಂದರೆ ಕೊಡದಿರುವುದು ಅದಕ್ಕೇ. ಅಗರ್ ಪ್ರೋಟೀನಲ್ಲವಾದುದರಿಂದ ಅದಕ್ಕೆ ಈ ಕಾಟವಿಲ್ಲ.

ಮರೆಯಬಾರದ ಎಚ್ಚರಿಕೆಗಳು

ಅಗರ್ ಬಾಯಿಯ ಶಾಖಕ್ಕೆ ಕರಗುವುದಿಲ್ಲವೆಂಬುದು ಗುಣವೂ ಹೌದು, ಅಪಾಯವೂ ಹೌದು. ಕೊಂಜಾಕ್ ಎಂಬ ಗೆಡ್ಡೆಯ ಅಂಟಿನಿಂದ ಮಾಡಿದ ಪುಟ್ಟ ಜೆಲ್ಲಿಗಳು ಗಂಟಲಿಗೆ ಸಿಕ್ಕಿ ಮಕ್ಕಳು ಸತ್ತ ಪ್ರಸಂಗಗಳು ನಡೆದಿವೆ. ಬಟ್ಟಲನ್ನು ಹಿಸುಕಿ ಒಂದೇ ತುತ್ತಿಗೆ ಬಾಯಿಗೆ ಹಾರಿಸಿಕೊಳ್ಳುವಂತಹ ಜೆಲ್ಲಿಯಲ್ಲಿ ಕೊಂಜಾಕನ್ನು ಬಳಸುವುದನ್ನು ಯುರೋಪಿಯನ್ ಒಕ್ಕೂಟವು 2002ರಲ್ಲಿ ತಡೆಯಿತು. 2004ರಲ್ಲಿ ಆ ತಡೆಯನ್ನು ಕಡಲಪಾಚಿಯ ಅಂಟುಗಳಿಗೂ ವಿಸ್ತರಿಸಿತು. ಮನೆಯಲ್ಲಿ ಮಾಡುವವರು ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟ. ಮೇಲೆ ಕೊಟ್ಟ ಜೆಲ್ಲಿಯನ್ನು ಅಗಲ ಬಾಯಿಯ ಗಟ್ಟಿ ಬಟ್ಟಲುಗಳಲ್ಲಿ ಹೊಯ್ದು, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ತಿನ್ನಿಸಬೇಕೇ ಹೊರತು ಹಿಸುಕಿ ಹೀರಗೊಡಬಾರದು. ಐದು ವರ್ಷದೊಳಗಿನ ಮಕ್ಕಳಿಗೂ, ನುಂಗಲು ಕಷ್ಟಪಡುವ ವೃದ್ಧರಿಗೂ ಸಣ್ಣಗೆ ಹೆಚ್ಚಿ, ಕುಳ್ಳಿರಿಸಿಯೇ ಕೊಡಬೇಕು. ಆಟವಾಡುತ್ತ, ಓಡುತ್ತ ತಿನ್ನುವ ತಿಂಡಿ ಇದಲ್ಲ.

ಮದ್ಯವಿಲ್ಲವೆಂದು ಹೇಳುವ ಮುನ್ನ ಸೀಸೆಗಳ ಮೇಲಿನ ಬರಹವನ್ನೂ ಓದಬೇಕು. ಅಮೆರಿಕದ ನಿಯಮದಂತೆ ವೆನಿಲಾ ಎಕ್ಸ್‌ಟ್ರ್ಯಾಕ್ಟಿನಲ್ಲಿ ಕನಿಷ್ಠ 35 ಶೇಕಡ ಆಲ್ಕೋಹಾಲ್ ಇರುತ್ತದೆ. ಅಲ್ಲಿ ‘ನಾನ್ ಆಲ್ಕೋಹಾಲಿಕ್’ ಎಂಬ ಚೀಟಿಯುಳ್ಳ ಬಿಯರಿನಲ್ಲಿಯೂ ಅರ್ಧ ಶೇಕಡಕ್ಕಿಂತ ಕಡಿಮೆ ಪ್ರಮಾಣದಲ್ಲಿ ಅದು ಇರಬಹುದು. ವ್ರತವಾಗಿ ಮದ್ಯವನ್ನು ವರ್ಜಿಸಿದವರಿಗೂ, ಬಹು ಕಷ್ಟದಿಂದ ಕುಡಿತವನ್ನು ಬಿಟ್ಟವರಿಗೂ ಇದು ಸಣ್ಣ ಮಾತಲ್ಲ. ಏಲಕ್ಕಿಯಿರುವಾಗ ಎಕ್ಸ್‌ಟ್ರ್ಯಾಕ್ಟಿನ ಗೊಡವೆಯೇ ಬೇಡ. ಸಿದ್ಧ ಜೆಲ್ಲಿ ಪುಡಿಯನ್ನು ಕೊಳ್ಳುವವರು ಭಾರತದಲ್ಲಿ ಪೊಟ್ಟಣದ ಮೇಲೆ ಹಸಿರು ಗುರುತನ್ನು ನೋಡಿಕೊಳ್ಳಬೇಕು. ಅಮೆರಿಕದಲ್ಲಿ ಅಂತಹ ಸರಕಾರಿ ಗುರುತಿಲ್ಲವಾದುದರಿಂದ ಸಾಮಗ್ರಿಗಳ ಪಟ್ಟಿಯನ್ನೇ ಓದಬೇಕು.

ಕನ್ನಡ ನಾಡಿಗೆ ಜೆಲ್ಲಿ ಅಪರಿಚಿತವಲ್ಲ. ಮಂಗಳೂರು, ಉಡುಪಿಗಳ ‘ಗಡ್‌ಬಡ್’ ಐಸ್‌ಕ್ರೀಮಿನ ಲೋಟದಲ್ಲಿ ಅದಕ್ಕೆ ಮೊದಲಿನಿಂದಲೂ ಸ್ಥಾನವಿದೆ. ಮಂಗಳೂರಿನ ಕ್ರೈಸ್ತ ಮನೆಗಳಿಂದ ಕ್ರಿಸ್‌ಮಸ್ ಕಾಲದಲ್ಲಿ ‘ಕುಸ್ವಾರ್’ ತಿಂಡಿಗಳ ತಟ್ಟೆ ನೆರೆಯ ಹಿಂದೂ ಮನೆಗಳಿಗೂ ಹೋಗುವ ಸಂಪ್ರದಾಯವಿದೆ. ಹೀಗೆ ಮನೆಯಿಂದ ಮನೆಗೆ ಹೋಗುವ ತಟ್ಟೆಯಲ್ಲಿ ಈ ಜೆಲ್ಲಿಯ ಬಟ್ಟಲುಗಳನ್ನಿಟ್ಟರೆ, ಒಳಗೇನಿದೆಯೆಂದು ಒಂದು ಚೀಟಿಯಲ್ಲಿ ಬರೆದಿಡುವುದು ಸೌಜನ್ಯ. ಕೊಡುವವರು ಮೊದಲೇ ತಿಳಿಸಿದರೆ, ಕೇಳುವ ಸಂಕೋಚ ಕೊಂಡವರಿಗೆ ತಪ್ಪುತ್ತದೆ.