ಸೂತಕವಿಲ್ಲದ ಸಾವು

"ಒಂದು ಇಲಿ ಸತ್ತದ್ದಕ್ಕೆ ಟೀಚರಮ್ಮ ಎರಡು ದಿನ ಊಟ ಬಿಟ್ಟರಂತೆ" ಎಂಬ ಮಾತು ಕೊರಟಗೆರೆಯ ನಮ್ಮ ಬೀದಿಯಲ್ಲಿ ಓಡಾಡುತ್ತಿದೆ. ಮಾತು ಪೂರ್ತಿ ಸುಳ್ಳಲ್ಲ. ಎರಡು ತಿದ್ದುಪಡಿ ಬೇಕು, ಅಷ್ಟೇ. ಸತ್ತದ್ದು ಇಲಿಯಲ್ಲ, ಗಿನಿಪಿಗ್. ಬಿಟ್ಟದ್ದು ಒಂದು ಹೊತ್ತಿನ ಊಟ. ಇಪ್ಪತ್ತೆಂಟು ವರ್ಷ ಉತ್ತರಪತ್ರಿಕೆ ತಿದ್ದಿದವಳು ನಾನು, ತಪ್ಪು ಕಂಡರೆ ಕೈ ಕೆಂಪು ಶಾಯಿ ಹುಡುಕುತ್ತದೆ.

ಇಲಿಯೇ ಸತ್ತಿತು ಅಂತಿಟ್ಟುಕೊಳ್ಳಿ. ಭಾದ್ರಪದ ಚೌತಿಯ ದಿನ ಗಣಪತಿಯ ಪಾದದ ಬಳಿ ಕೂತ ಇಲಿಗೂ ಕುಂಕುಮ ಹಚ್ಚಿ ಕೈಮುಗಿಯುವವರು ನಾವೇ ತಾನೇ? ಮಣ್ಣಿನ ಇಲಿಗೆ ಭಕ್ತಿ, ಉಸಿರಾಡುವ ಪ್ರಾಣಿಗೆ ನಗು. ಇದು ಯಾವ ಊರ ನ್ಯಾಯ?

ನಮ್ಮದರ ಹೆಸರು ಬೆಲ್ಲ. ಬಣ್ಣ ಹಾಗಿತ್ತು, ಅದಕ್ಕೇ. ಮಗಳು ಕಾಲೇಜಿನಲ್ಲಿದ್ದಾಗ ತಂದದ್ದು. ಅವಳು ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮೇಲೆ ನನ್ನ ಪಾಲಿಗೆ ಉಳಿಯಿತು. ಆರು ವರ್ಷ ಬದುಕಿತು. ಆ ಜಾತಿಗೆ ಅದು ಒಳ್ಳೆಯ ಆಯಸ್ಸೇ. ಸಂಜೆ ನಾನು ಗೇಟಿನ ಚಿಲಕ ತೆಗೆದ ಸದ್ದಿಗೆ ಒಳಗಿನಿಂದ ವೀಂ ವೀಂ ಎಂದು ಶಿಳ್ಳೆ. ಕೊತ್ತಂಬರಿ ಸೊಪ್ಪಿನ ಕಟ್ಟು ಬಿಚ್ಚಿದರೆ ಇನ್ನೊಂದು ಬಗೆಯ ಶಿಳ್ಳೆ. ನನ್ನ ಯಜಮಾನರು ಗೇಟು ತೆಗೆದರೆ ಸುಮ್ಮನಿರುತ್ತಿತ್ತು. ಅವರಿಗೆ ಅದೊಂದು ಕೊರಗು. ತಾವೂ ಕಿಸೆಯಲ್ಲಿ ಸೌತೆಕಾಯಿ ತುಂಡು ಇಟ್ಟುಕೊಂಡು ಬಂದು ಲಂಚ ಕೊಟ್ಟು ನೋಡಿದರು. ಸೌತೆಕಾಯಿ ತಿನ್ನುತ್ತಿತ್ತು, ಶಿಳ್ಳೆ ಮಾತ್ರ ಹಾಕಲಿಲ್ಲ.

ಸತ್ತ ಮರುದಿನವೇ ಸಾಂತ್ವನಗಳು ಶುರುವಾದವು. ಮೊದಲನೆಯದು, "ಅಯ್ಯೋ ಬಿಡಿ ಮೇಡಂ, ಇನ್ನೊಂದು ತಂದರಾಯ್ತು." ಹೇಳಿದವರು ಒಳ್ಳೆಯ ಮನಸ್ಸಿನವರೇ. ಆದರೆ ಈ ಮಾತನ್ನು ನಾವು ದೊಡ್ಡವರು ಮಕ್ಕಳಿಗೆ ಎಷ್ಟು ಸಲೀಸಾಗಿ ಹೇಳುತ್ತೇವೆ, ಗಮನಿಸಿದ್ದೀರಾ? ಐದನೇ ತರಗತಿಯ ಹುಡುಗನ ಗಿಳಿಯೋ ಮೊಲವೋ ಸತ್ತಿರುತ್ತದೆ. ಅಪ್ಪ ಭಾನುವಾರವೇ ಅದೇ ಬಣ್ಣದ ಇನ್ನೊಂದನ್ನು ತಂದು ಗೂಡಿನೊಳಗೆ ಬಿಡುತ್ತಾನೆ. ಹುಡುಗ ಸುಮ್ಮನಾಗುತ್ತಾನೆ. ಸಮಾಧಾನವಾಯಿತೆಂದು ಅಪ್ಪ ಅಂದುಕೊಳ್ಳುತ್ತಾನೆ. ಪ್ರೀತಿಸಿದ್ದನ್ನು ಚಪ್ಪಲಿಯ ಹಾಗೆ ಬದಲಿಸಬಹುದು ಎಂಬ ಪಾಠವನ್ನು ಆ ಮಗು ಆ ದಿನ ಕಲಿತಿರುತ್ತದೆ. ನಾಳೆ ಆ ಪಾಠವನ್ನು ಅದು ಯಾರ ಮೇಲೆ ಪ್ರಯೋಗಿಸುತ್ತದೆಂದು ಅಪ್ಪಂದಿರು ಯೋಚಿಸುವುದಿಲ್ಲ.

ಇದೇ ನಾವು ತರಗತಿಯಲ್ಲಿ ಗೋವಿನ ಹಾಡು ಮಾಡುತ್ತೇವೆ. ಪುಣ್ಯಕೋಟಿ ಕರುವನ್ನು ಬಿಟ್ಟು ಹೊರಡುವ ಜಾಗಕ್ಕೆ ಬಂದಾಗ ಮಕ್ಕಳ ಕಣ್ಣು ಒದ್ದೆಯಾಗದಿದ್ದರೆ ಪಾಠ ಸೋತಿತು ಎಂದು ಬೇಸರಪಡುತ್ತೇವೆ. ಪುಸ್ತಕದ ಹಸುವಿಗೆ ಅತ್ತರೆ ಸಂಸ್ಕಾರ, ಮನೆಯ ಗಿನಿಪಿಗ್‌ಗೆ ಅತ್ತರೆ ಹುಚ್ಚು!

ಎರಡನೆಯ ಸಾಂತ್ವನ ಇನ್ನೂ ಹರಿತ. "ಪಾಪ, ಮಗಳು ದೂರ ಇದ್ದಾಳಲ್ಲ, ಅದಕ್ಕೇ ಅದನ್ನು ಅಷ್ಟು ಹಚ್ಚಿಕೊಂಡಿದ್ದರು." ಹೆಂಗಸು ಏನನ್ನೇ ಪ್ರೀತಿಸಲಿ, ಅದು ಇನ್ನಾವುದೋ ಕೊರತೆಯ ತೇಪೆ ಎಂದೇ ಲೆಕ್ಕ. ಗಿಡ ಬೆಳೆಸಿದರೆ ಮೊಮ್ಮಕ್ಕಳಿಲ್ಲದ ಕೊರಗು, ಬೆಕ್ಕು ಸಾಕಿದರೆ ಗಂಡ ಮಾತಾಡುವುದಿಲ್ಲ ಎಂಬ ಕೊರಗು. ನನ್ನ ಮಗಳು ದಿನಾ ರಾತ್ರಿ ಫೋನು ಮಾಡುತ್ತಾಳೆ, ತಿಂಗಳಿಗೊಮ್ಮೆ ಬರುತ್ತಾಳೆ. ಅವಳ ಜಾಗ ಖಾಲಿಯಾಗಿಲ್ಲ. ಬೆಲ್ಲ ಕೂತಿದ್ದು ತನ್ನ ಜಾಗದಲ್ಲಿ.

ಇಂಥವರಿಗೆ ನಾನು ಹೇಳುವುದು ಆತಕೂರಿನ ಕಥೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949–50ರ ಒಂದು ಶಾಸನವಿತ್ತು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ದವರೆಲ್ಲ ಅದರ ಮುಂದೆ ಹಾದುಹೋಗಿರುತ್ತಾರೆ. ಗಂಗರ ಬೂತುಗ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಕಾಲ. ಆ ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ಒಡೆಯ ಮೆಚ್ಚಿ, ಬೇಕಾದ್ದು ಕೇಳು ಎಂದ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೊಂದು ದಿನ ಆ ಕಾಳಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಮಣಲೆರ ಊರ ಈಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಪೂಜೆಗೆಂದು ಭೂಮಿ ಬಿಟ್ಟ. ಆ ಭೂಮಿ ಅನುಭವಿಸುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟಲಿ ಎಂದೂ ಬರೆಸಿದ. ಕಲ್ಲಿನ ಮೇಲೆ ನಾಯಿ ಹಂದಿಗಳ ಕಾದಾಟದ ಚಿತ್ರವನ್ನೇ ಕೆತ್ತಿದ್ದಾರೆ.

ಮೀಸೆ ಹೊತ್ತ ಯೋಧ ಅವನು. ಅವನ ನಾಯಿಯ ಮೇಲಿನ ಪ್ರೀತಿಗೆ ಯಾವ ಪಂಡಿತರೂ ಮಕ್ಕಳಿಲ್ಲದ ಕೊರಗು ಎಂದು ಟಿಪ್ಪಣಿ ಬರೆದಿಲ್ಲ. ಅದು ಸ್ವಾಮಿನಿಷ್ಠೆಗೆ ಸಂದ ಗೌರವವಂತೆ, ನಾಡಿನ ಹೆಮ್ಮೆಯಂತೆ. ನಾನೂ ಹೆಮ್ಮೆಪಡುತ್ತೇನೆ. ಆದರೆ ಸಾವಿರ ವರ್ಷದ ಹಿಂದೆ ನಾಯಿಗೆ ಪೂಜೆ ಇಟ್ಟ ನಾಡಿನಲ್ಲಿ, ಹಿತ್ತಲ ದಾಸವಾಳದ ಬುಡದಲ್ಲಿ ಗುಂಡಿ ತೋಡಿ ಒಂದು ಊದುಬತ್ತಿ ಹಚ್ಚಿದ ಹೆಂಗಸು ನಗೆಪಾಟಲಾಗುವುದು ಹೇಗೆ?

"ನಾಯಿ ಬೇಟೆಯಾಡಿತು, ಕಾವಲು ಕಾಯಿತು. ನಿಮ್ಮ ಗಿನಿಪಿಗ್ ಏನು ಮಾಡಿತು?" ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ಕೇಳಿದ್ದು ಒಳ್ಳೆಯದಾಯಿತು. ನಮ್ಮ ಅಜ್ಜಿಯರ ಕಾಲದಲ್ಲಿ ಗಂಟಲುಮಾರಿ ಬಂದರೆ ಮಕ್ಕಳು ಉಸಿರುಗಟ್ಟಿ ಸಾಯುತ್ತಿದ್ದವು. 1890ರ ಹೊತ್ತಿಗೆ ಬೆರಿಂಗ್ ಎಂಬ ಜರ್ಮನ್ ವೈದ್ಯ ಅದಕ್ಕೆ ಮದ್ದಿನ ದಾರಿ ಕಂಡುಕೊಂಡದ್ದು ಗಿನಿಪಿಗ್‌ಗಳ ಮೇಲೆ ಪ್ರಯೋಗ ಮಾಡಿ. ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ 1901ರಲ್ಲಿ ಅವನಿಗೆ ಬಂತು. ಗಿನಿಪಿಗ್‌ಗೆ ಬಂದದ್ದು ಸೂಜಿ. 1907ರಲ್ಲಿ ನಾರ್ವೆಯ ಇಬ್ಬರು ವಿಜ್ಞಾನಿಗಳು ಬರೀ ಕಾಳುಕಡಿ ತಿನ್ನಿಸಿ ಈ ಪ್ರಾಣಿಗೆ ಸ್ಕರ್ವಿ ರೋಗ ಬರಿಸಿ ತೋರಿಸಿದರು. ಮನುಷ್ಯನ ಹಾಗೆಯೇ ಅದರ ಮೈಯೂ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದು. ಆ ಜೀವಸತ್ವ ಪತ್ತೆಯಾದ ಹಾದಿಯಲ್ಲಿ ಅದರ ಹೆಣಗಳಿವೆ. ನಿಮ್ಮ ನಮ್ಮ ಮಕ್ಕಳು ಬದುಕಿರುವುದರಲ್ಲಿ ಅದಕ್ಕೂ ಒಂದು ಪಾಲಿದೆ ಸ್ವಾಮಿ, ಎಂದೆ. ಅವರು ಮೊಬೈಲು ತೆಗೆದು ನೋಡಿ, "ಪೆರು ದೇಶದಲ್ಲಿ ಇದನ್ನು ಸುಟ್ಟು ತಿನ್ನುತ್ತಾರಂತೆ" ಎಂದರು. ಹೌದು, ತಿನ್ನುತ್ತಾರೆ. ಆಂಡಿಸ್ ಪರ್ವತದ ಜನ ಸಾವಿರಾರು ವರ್ಷಗಳಿಂದ ಅದನ್ನು ಸಾಕಿದ್ದೇ ಆಹಾರಕ್ಕೆ. ಅದಕ್ಕೇನೀಗ? ನಮ್ಮ ಸೀಮೆಯಲ್ಲಿ ಕುರಿ ಮೇಕೆ ಸಾಕುವ ಮನೆಗಳನ್ನು ಕೇಳಿ ನೋಡಿ. ಹೆಸರಿಟ್ಟು ಕರೆದ ಮರಿಯನ್ನು ಸಂತೆಗೆ ಹೊಡೆದ ದಿನ ಆ ಮನೆಯ ತಾಯಿಯ ಮುಖ ನೋಡಿ. ಹೊಟ್ಟೆಪಾಡು ಬೇರೆ, ಸಂಕಟ ಬೇರೆ. ಎರಡನ್ನೂ ಅವಳು ಒಟ್ಟಿಗೇ ಹೊತ್ತಿರುತ್ತಾಳೆ. ಶಿರಾ ಸೀಮೆಯ ಕಾಡುಗೊಲ್ಲರು ಹಾಡುವ ಜುಂಜಪ್ಪನ ಕಥೆಯಲ್ಲಿ ಬಡಮೈಲ ಎಂಬ ಹೋರಿಗೆ ಎಂಥ ಸ್ಥಾನವಿದೆ! ಓದುಬರಹ ಬಲ್ಲ ಪೇಟೆಯವರಿಗಷ್ಟೇ ಪ್ರಾಣಿಯ ದುಃಖ ಅಗ್ಗದ್ದು.

"ಮನುಷ್ಯರಿಗೇ ಗತಿಯಿಲ್ಲ, ಇವರಿಗೆ ಗಿನಿಪಿಗ್" ಎಂಬ ಮಾತೊಂದಿದೆ. ಇದನ್ನು ಹೇಳುವವರಲ್ಲಿ ಮನುಷ್ಯರಿಗೆ ಗತಿ ಕಾಣಿಸಿದವರನ್ನು ನಾನು ಇನ್ನೂ ನೋಡಿಲ್ಲ. ಮುಂದೆ ಹೋಗೋಣ.

ನನಗೆ ನಿಜವಾದ ಸಿಟ್ಟಿರುವುದು ನಗುವವರ ಮೇಲಲ್ಲ, ಮಾರುವವರ ಮೇಲೆ. ಬೆಲ್ಲವನ್ನು ಮಾರಿದ ಅಂಗಡಿಯಾತ (ಊರು, ಹೆಸರು ಬೇಡ) ಮಗಳಿಗೆ ಕೊಟ್ಟ ಸಲಹೆ ಇಷ್ಟೇ: "ಕ್ಯಾರೆಟ್ ಹಾಕಿ, ಸಾಕು." ಇದು ಗುಂಪಿನಲ್ಲಿ ಬಾಳುವ ಪ್ರಾಣಿ, ಒಂಟಿ ಇಡಬಾರದು ಎಂದು ಹೇಳಲಿಲ್ಲ. ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ, ಸವೆಯಲು ದಿನವಿಡೀ ಹುಲ್ಲು ಬೇಕು ಎನ್ನಲಿಲ್ಲ. ಅದು ತಂಪು ಬೆಟ್ಟದ ಜೀವ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗಿಟ್ಟರೆ ಬೇಯುತ್ತದೆ ಎನ್ನಲಿಲ್ಲ. ಮಗಳು ಓದಿ ತಿಳಿದುಕೊಂಡು, ವಾರದೊಳಗೆ ಜೊತೆಗೊಂದು ಹೆಣ್ಣು ತಂದಳು. ಅದು ಮೂರು ವರ್ಷಕ್ಕೆ ಹೋಯಿತು. ನೆಲ್ಲಿಕಾಯಿ, ಸೀಬೆಹಣ್ಣು, ಗರಿಕೆ ನಮ್ಮ ಹಿತ್ತಲಲ್ಲೇ ಇದ್ದವು, ಸದ್ಯ. ಓದಲು ಗೊತ್ತಿಲ್ಲದ ಮನೆಗೆ ಹೋದ ಪ್ರಾಣಿಗಳ ಪಾಡೇನು? ಸಾಕುಪ್ರಾಣಿ ಅಂಗಡಿಗಳಿಗೆ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಗಿನಿಪಿಗ್ ಹೆಸರೂ ಅದರಲ್ಲಿದೆ, ಅಂಗಡಿಗಳು ನೋಂದಣಿ ಮಾಡಿಸಿಕೊಳ್ಳಬೇಕು. ಮಗುವಿಗೆ ಹುಟ್ಟುಹಬ್ಬದ ಉಡುಗೊರೆಯೆಂದು ಪ್ರಾಣಿ ಕೊಳ್ಳುವ ಅಮ್ಮಂದಿರು ಒಮ್ಮೆಯಾದರೂ ಆ ನೋಂದಣಿ ಪತ್ರ ತೋರಿಸಿ ಎಂದು ಕೇಳಿದ್ದೀರಾ? ಸೀರೆಗೆ ಕೈಮಗ್ಗದ ಮುದ್ರೆ ಕೇಳುತ್ತೀರಿ, ಬಂಗಾರಕ್ಕೆ ಹಾಲ್‌ಮಾರ್ಕ್ ಕೇಳುತ್ತೀರಿ.

ಕೊನೆಯ ವಾರ ಮೇವು ಬಿಟ್ಟಾಗ ಪಶುವೈದ್ಯರೊಬ್ಬರ ಬಳಿ ಒಯ್ದೆವು. ಬುಟ್ಟಿಯೊಳಗೆ ಇಣುಕಿ ಅವರ ಸಹಾಯಕ ನಕ್ಕ. ವೈದ್ಯರು ನಗಲಿಲ್ಲ, "ಇದರ ವಿಷಯ ನನಗೆ ಗೊತ್ತಿಲ್ಲಮ್ಮ, ದನ ಕುರಿಗೆ ಕೊಡುವ ಔಷಧ ಕೊಟ್ಟರೆ ಅಪಾಯ" ಎಂದು ಕೈಮುಗಿದರು. ಅವರ ಮಾತು ಸರಿ. ಪೆನ್ಸಿಲಿನ್ ಜಾತಿಯ ಔಷಧವೇ ಈ ಪ್ರಾಣಿಗೆ ವಿಷವಾಗುತ್ತದೆ. ಗೊತ್ತಿಲ್ಲ ಎಂದವರ ಮೇಲೆ ನನಗೆ ಗೌರವವಿದೆ. ಆದರೆ ತಾಲ್ಲೂಕು ಪೇಟೆಗಳಲ್ಲೂ ಗಿನಿಪಿಗ್, ಹ್ಯಾಮ್‌ಸ್ಟರ್, ಮೊಲ ಮಾರಾಟವಾಗುತ್ತವೆ ಎಂದರೆ, ಅವುಗಳ ಕಾಯಿಲೆ ಬಲ್ಲ ಒಬ್ಬ ವೈದ್ಯರಾದರೂ ಜಿಲ್ಲಾ ಕೇಂದ್ರದಲ್ಲಿ ವಾರಕ್ಕೊಂದು ದಿನ ಕೂರುವುದು ಅಷ್ಟು ದೊಡ್ಡ ಬೇಡಿಕೆಯೇ? ಮಾರಲು ದಾರಿಯಿದೆ, ಗುಣಪಡಿಸಲು ಇಲ್ಲ.

ಮೊನ್ನೆ ಅದೇ ಸ್ಟಾಫ್ ರೂಮಿನ ಮಹಾಶಯರು ಬಂದು, ಮಗನ ಹುಟ್ಟುಹಬ್ಬಕ್ಕೆ ಒಂದು ಗಿನಿಪಿಗ್ ತರುವ ಯೋಚನೆಯಿದೆ, ಖಾಲಿ ಗೂಡು ಇದ್ದರೆ ಕೊಡಿ ಎಂದರು. ಗೂಡು ತೊಳೆದು ಒಣಗಿಸಿ ಇಟ್ಟಿದ್ದೇನೆ. ಒಂದಲ್ಲ, ಎರಡು ತರಬೇಕು, ಅದೂ ಜೂನ್ ಮಳೆ ಬಿದ್ದ ಮೇಲೆ. ಮೊದಲು ನೆರಳಿರುವ ಜಾಗ ನನಗೆ ತೋರಿಸಬೇಕು ಎಂದಿದ್ದೇನೆ. ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ, ಜಾಗ ನೋಡಲು.